ಹಡಗಿನಲ್ಲಿ ಹೋದ ಸಾಲು

ಹಡಗು ದಡಕ್ಕೆ ತಾಗುವ ಮೊದಲೇ ಮಾರ್ಸಲಿ ಒಂದು ತೀರ್ಮಾನ ಮಾಡಿಕೊಂಡಿದ್ದಳು. ಹೆಕ್ಟರ್ ಇಳಿದು ಬಂದರೆ ಅವನ ಪೆಟ್ಟಿಗೆಯನ್ನು ಮಾತ್ರ ನೋಡಬೇಕು, ಮುಖ ನೋಡಬಾರದು.

ಮೊದಲು ಇಳಿದವರು ನಮ್ಮ ಮ್ಯಾಕ್‌ಫೀ ಕುಲದ ಆಸ್ಟ್ರೇಲಿಯಾದವರು. ಎಲ್ಲರದೂ ಹೊಸ ಕಿಲ್ಟು, ಮೊಣಕಾಲವರೆಗಿನ ನೆರಿಗೆ ಲಂಗ, ಕುಲದ ಕೆಂಪು ಹಸಿರು ಚೌಕಳಿ. ನಮ್ಮ ಸೊರಸೆ ದ್ವೀಪದ ಗಾಳಿಗೆ ಹೊಸದು ಹಳೆಯದು ಎಂಬ ಭೇದವಿಲ್ಲ. ಗಂಡಸರೆಲ್ಲ ಎರಡೂ ಕೈಯಲ್ಲಿ ಕಿಲ್ಟನ್ನು ತೊಡೆಗೆ ಒತ್ತಿ ಹಿಡಿದುಕೊಂಡು, ಕುಲಬಾಂಧವರಿಗೆ ಕೈ ಬೀಸಲೂ ಆಗದೆ ಬರೀ ತಲೆಯಾಡಿಸುತ್ತ ಇಳಿದರು. ಹಿಂದೆಯೇ ನ್ಯೂಜಿಲೆಂಡಿನವರು.

ಮೂರು ವರ್ಷಕ್ಕೊಮ್ಮೆ ಇವರೆಲ್ಲ ಬರುತ್ತಾರೆ. ಇವರ ಮುತ್ತಜ್ಜನ ಕಾಲದವರನ್ನು ಇದೇ ಕಟ್ಟೆಯಿಂದ, ಭೂಮಿ ಕುರಿ ಮೇಯಿಸಲು ಬೇಕೆಂದು, ಜಮೀನ್ದಾರರು ಹಡಗು ಹತ್ತಿಸಿ ಕಳಿಸಿದ್ದರು. ಮರಿಮಕ್ಕಳು ಟಿಕೆಟ್ ಕೊಂಡು ತಿರುಗಿ ಬರುತ್ತಾರೆ. ಬಿದ್ದ ಗೋಡೆಯ ಕಲ್ಲು ಮುಟ್ಟಿ ಅಳುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ.

ಕೊನೆಯಲ್ಲಿ ಹೆಕ್ಟರ್ ಇಳಿದ. ಕೆನಡಾದ ಕೇಪ್ ಬ್ರೆಟನ್ನಿನವನು, ದೋಣಿ ರಿಪೇರಿ ಮಾಡುವವನು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತನ್ನ ಅಜ್ಜಿ.

ಮಾರ್ಸಲಿ ಪೆಟ್ಟಿಗೆಯನ್ನೇ ನೋಡಿದಳು. ಪೆಟ್ಟಿಗೆ ಹಿಡಿದ ಕೈಯಲ್ಲಿ ಹಳೆಯದೊಂದು ಉಳಿಯ ಗಾಯದ ಗುರುತಿತ್ತು. ಅದು ಅವಳಿಗೆ ಗೊತ್ತಿದ್ದ ಗುರುತು. ಅಷ್ಟಕ್ಕೇ ತೀರ್ಮಾನ ಅರ್ಧ ಕೆಟ್ಟಿತು.

"ಚೆನ್ನಾಗಿದೀಯಾ ಮಾರ್ಸಲಿ?"

"ಪೆಟ್ಟಿಗೆ ವ್ಯಾನಿನ ಹಿಂದೆ ಇಡಿ."

"ಇಡಿ? ಹೋದ ಸಲ ಇಡು ಅಂತಿದ್ದೆ."

"ಹೋದ ಸಲ ನೀವು ಹೇಳದೆ ಕೇಳದೆ ಹಡಗು ಹತ್ತಿ ಹೋದ್ರಲ್ಲ. ಅವತ್ತಿನಿಂದ ಮರ್ಯಾದೆ ಜಾಸ್ತಿಯಾಗಿದೆ."

ಅಜ್ಜಿ ಕಣ್ಣು ಕಿರಿದು ಮಾಡಿ ಅವಳನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಹೆಕ್ಟರ್, ನಿನ್ನ ಬೇಡ ಅಂದವಳು ಇವಳೇನೋ?"

"ಅಜ್ಜೀ!"

"ಕೇಳಿದೆ ಅಷ್ಟೇ. ಚೆನ್ನಾಗಿದಾಳೆ. ಬೇಡ ಅನ್ನೋ ಹಕ್ಕಿದೆ ಬಿಡು."

ಮಾರ್ಸಲಿ ವ್ಯಾನಿನ ಬಾಗಿಲು ಹಿಡಿದು ಹಾಗೇ ನಿಂತಳು. ಬೇಡ ಅಂದೆನೇ? ನಾನೇ? ಯಾವಾಗ?

*

ಮಾರ್ಸಲಿ ನೇಕಾರ್ತಿ. ತಾಯಿ ಹೋದ ಮೇಲೆ ಎಫೀ ಅತ್ತೆಯೇ ಅವಳನ್ನು ಬೆಳೆಸಿ, ಮಗ್ಗ ಕಲಿಸಿ, ಬಟ್ಟೆ ಬಡಿಯುವ ಹಾಡುಗಳನ್ನೂ ಕಲಿಸಿದ್ದಳು. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯನ್ನು ನೆನೆಸಿ, ಅದು ಬಿಗಿದು ದಪ್ಪವಾಗಲೆಂದು, ಉದ್ದ ಹಲಗೆಯ ಸುತ್ತ ಹೆಂಗಸರು ಕೂತು ಬಡಿಯಬೇಕು. ಬಟ್ಟೆ ಕೈಯಿಂದ ಕೈಗೆ ಪ್ರದಕ್ಷಿಣೆಯಾಗಿಯೇ ಹೋಗಬೇಕು. ಒಬ್ಬಳು ಹಾಡು ಎತ್ತಬೇಕು, ಉಳಿದವರು ಸೊಲ್ಲು ಹಿಡಿಯಬೇಕು. ಒಮ್ಮೆ ಹಾಡಿದ ಹಾಡನ್ನು ಅದೇ ಬಟ್ಟೆಗೆ ಮತ್ತೆ ಹಾಡಬಾರದು. ಈಗ ದೊಡ್ಡ ಹಲಗೆ ಹಾಕುವುದು ಮೂರು ವರ್ಷಕ್ಕೊಮ್ಮೆಯ ಈ ಕುಲದ ಕೂಟಕ್ಕೆ ಮಾತ್ರ.

ಬಟ್ಟೆ ದಪ್ಪವಾಗುತ್ತ ಬಂದ ಹಾಗೆ ಕೊನೆಯಲ್ಲಿ ಬರುವುದು ಜೋಡಿ ಹಾಡು. ಹಾಡು ಎತ್ತುವವಳು ಒಬ್ಬೊಬ್ಬ ಹೆಂಗಸಿಗೆ ಒಬ್ಬೊಬ್ಬ ಗಂಡಸಿನ ಹೆಸರು ಕೊಡುತ್ತ ಹೋಗುತ್ತಾಳೆ. ಹೆಸರು ಬಂದವಳು ಹಾಡಿನಲ್ಲೇ ಉತ್ತರ ಹೇಳಬೇಕು.

ಹೋದ ಕೂಟದಲ್ಲಿ ಹೆಕ್ಟರ್ ಬಂದವನೇ ಅಂಗಿಯ ತೋಳು ಮಡಿಸಿ ಹಲಗೆಯ ಮುಂದೆ ಕೂತುಬಿಟ್ಟಿದ್ದ. ಅವರ ಕಡೆ ಗಂಡಸರೂ ಕೂತು ಬಡಿಯುತ್ತಾರೆ. ಎಫೀ ಅತ್ತೆ ಒದ್ದೆ ಬಟ್ಟೆಯ ತುದಿಯಿಂದಲೇ ಅವನನ್ನು ಎಬ್ಬಿಸಿ ಬಾಗಿಲ ಹೊರಗೆ ಅಟ್ಟಿದ್ದಳು. ಊರೆಲ್ಲ ನಕ್ಕಿತು, ಅವನೂ ನಕ್ಕ. ಆಮೇಲಿನ ದಿನಗಳಲ್ಲಿ ಅವನು ಮಾರ್ಸಲಿಯ ಮಗ್ಗದ ಕೋಣೆಯ ಹೊಸ್ತಿಲಲ್ಲಿ ಕೂತು ಮಾತಾಡಿದ. ಅವಳು ದಾರ ತುಂಡಾಗಿದೆಯೆಂದು ನೆಪ ಹೇಳಿ ಮಗ್ಗ ನಿಲ್ಲಿಸುತ್ತಿದ್ದಳು. ಅಷ್ಟು ದಾರ ಅವಳ ಮಗ್ಗದಲ್ಲಿ ಅದರ ಹಿಂದೆಯೂ ತುಂಡಾಗಿರಲಿಲ್ಲ, ಆಮೇಲೂ ಆಗಲಿಲ್ಲ.

ಕೊನೆಯ ದಿನದ ಜೋಡಿ ಹಾಡಿನಲ್ಲಿ ಅತ್ತೆ ಅವಳಿಗೆ ಹೆಕ್ಟರ್‌ನ ಹೆಸರು ಕೊಟ್ಟಳು. ಮಾರ್ಸಲಿ ಎಲ್ಲರೂ ಹಾಡುವ ಉತ್ತರವನ್ನೇ ಹಾಡಿದಳು. ಅವನ ದೋಣಿಗೆ ತೂತಿದೆ, ಅವನ ಮನೆಯಲ್ಲಿ ಹೊಗೆಯಿದೆ, ಬೇಡ ನನಗವನು, ಆಚೆ ದಡದವಳಿಗೆ ಕೊಡು. ಮರುದಿನ ಬೆಳಿಗ್ಗೆ ಹೆಕ್ಟರ್ ಇರಲಿಲ್ಲ.

*

ಬಡಿಯುವ ಹಲಗೆ ಒಂದು ಕಡೆ ಬಿರುಕು ಬಿಟ್ಟಿತ್ತು. ಹೆಕ್ಟರ್ ಅದನ್ನು ಹೊರಗೆ ಹುಲ್ಲಿನ ಮೇಲೆ ಹಾಕಿಕೊಂಡು ಉಜ್ಜುಗೊರಡು ಹೊಡೆಯುತ್ತಿದ್ದ. ಮಾರ್ಸಲಿ ಚಹಾ ತಂದು ಕಲ್ಲಿನ ಮೇಲಿಟ್ಟಳು. ಹೋಗಲಿಲ್ಲ.

"ನಿಮ್ಮಜ್ಜಿ ಅವತ್ತು ಏನೋ ಅಂದ್ರಲ್ಲ. ನಾನು ಯಾವಾಗ ಬೇಡ ಅಂದೆ?"

ಅವನು ತಲೆಯೆತ್ತಲಿಲ್ಲ. "ಇಡೀ ಊರಿನ ಮುಂದೆ ಅಂದೆ. ರಾಗವಾಗಿ ಅಂದೆ."

ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಬಾಯಿಗೆ ಕೈ ಹೋಯಿತು. "ಅಯ್ಯೋ ಮಾರಾಯ, ಅದು ಹಾಡು! ಅದರಲ್ಲಿ ಎಲ್ಲರೂ ಬೇಡ ಅನ್ನೋದೇ. ಡೋಲೀನಾಗೆ ಅವಳ ಗಂಡನ ಹೆಸರೇ ಬಂದ್ರೂ ಬೇಡ ಅಂತ ಹಾಡ್ತಾಳೆ. ನಾಲ್ಕು ಮಕ್ಕಳಾದ ಮೇಲೂ!"

"ಬೇಕು ಅನ್ನೋ ಸಾಲು ಹಾಡಬಹುದಿತ್ತು."

"ಬೇಕು ಅನ್ನೋ ಸಾಲು ಎಲ್ಲಿದೆ?"

ಉಜ್ಜುಗೊರಡು ನಿಂತಿತು. "ಇಲ್ವಾ?"

"ಇಲ್ಲ. ಯಾವತ್ತೂ ಇರಲಿಲ್ಲ."

"ಇತ್ತು ಮಾರ್ಸಲಿ. ನಮ್ಮಲ್ಲಿದೆ. ನಮ್ಮಮ್ಮ ನಮ್ಮಪ್ಪನಿಗೆ ಹಾಡಿದ್ದಳು. ನಮ್ಮಲ್ಲಿ ಹೆಸರು ಬಂದ ಮೇಲೆ ಹುಡುಗಿ ಯಾವ ಸಾಲು ಎತ್ತುತ್ತಾಳೋ ಅಂತ ಹುಡುಗರು ಬೆವರ್ತಾ ನಿಂತಿರ್ತಾರೆ."

ಕೆಳಗೆ ಮರಳಿನ ಮೇಲೆ ಅಲೆ ಬಂದು ಹೋಯಿತು. ಮೂರು ವರ್ಷ ಅವಳು ಇವನನ್ನು ಮೋಸಗಾರ ಎಂದುಕೊಂಡಿದ್ದಳು. ಮೂರು ವರ್ಷ ಇವನು ತನ್ನನ್ನು ಬೇಡವಾದವನು ಎಂದುಕೊಂಡಿದ್ದ. ಇಬ್ಬರನ್ನೂ ದೂರ ಮಾಡಿದ್ದು ಸಮುದ್ರಕ್ಕಿಂತ ಹೆಚ್ಚಾಗಿ ಇಲ್ಲದ ಒಂದು ಸಾಲು.

"ಹಾಡು ನೋಡೋಣ," ಅಂದಳು.

"ಅದು ಹೆಂಗಸರ ಸಾಲು. ನಾನು ಹಾಡಿದ್ರೆ ಏನು ಬಂತು?" ಅವನು ಈಗ ಅವಳ ಮುಖವನ್ನೇ ನೋಡುತ್ತಿದ್ದ. "ಆ ಸಾಲು ಗೊತ್ತಿದ್ದಿದ್ರೆ ಅವತ್ತು ಹಾಡ್ತಿದ್ಯಾ?"

ಮಾರ್ಸಲಿ ನೆಲದ ಮೇಲಿನ ಮರದ ಸುರುಳಿಯೊಂದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು. "ಇಲ್ಲದ ಸಾಲಿನ ಮೇಲೆ ಪ್ರಶ್ನೆ ಕೇಳಬೇಡ."

"ಕೇಳಬೇಡ ಅಂದೆ."

"ಹೂಂ, ಅಂದೆ."

"ಕೇಳಬೇಡಿ ಅನ್ನಲಿಲ್ಲ."

ಅವಳು ಲೋಟ ತೆಗೆದುಕೊಂಡು ಹೊರಟೇಬಿಟ್ಟಳು. ಅವನು ಇನ್ನೂ ಚಹಾ ಕುಡಿದೇ ಇರಲಿಲ್ಲ.

*

ಅಡುಗೆಮನೆಯಲ್ಲಿ ಎಫೀ ಅತ್ತೆಗೂ ಹೆಕ್ಟರ್‌ನ ಟೀನಿ ಅಜ್ಜಿಗೂ ಮಾತು ಬೆಳೆದಿತ್ತು. ಈ ಸಲ ಹಲಗೆಗೆ ಒಂದು ಜೊತೆ ಕೈ ಕಡಿಮೆ. ಕರ್ಸ್ಟಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಆ ಜಾಗಕ್ಕೆ ಟೀನಿ ಕೂರುವುದೆಂದಾಗಿತ್ತು.

"ಬಟ್ಟೆ ಯಾವುದರಲ್ಲಿ ನೆನೆಸ್ತೀರಿ?" ಟೀನಿ ಕೇಳಿದಳು.

"ಸೋಪಿನಲ್ಲಿ."

"ನಮ್ಮಜ್ಜಿ ಮನೆಮಂದಿಯ ಉಚ್ಚೆಯನ್ನೆಲ್ಲ ತೊಟ್ಟಿಯಲ್ಲಿ ಕೂಡಿಟ್ಟು ಅದರಲ್ಲೇ ನೆನೆಸ್ತಿದ್ಲು. ಹಾಗೆ ಮಾಡಿದ್ರೇನೇ ಬಣ್ಣ ಹಿಡಿಯೋದು."

"ಗೊತ್ತು ಕಣಮ್ಮಾ. ಅದನ್ನ ನೀವು ಉಳಿಸಿಕೊಂಡಿದ್ರೆ ನಿಮಗೇ ಇರಲಿ." ಎಫೀ ಓಟ್ಸ್ ರೊಟ್ಟಿಯನ್ನು ಕಲ್ಲಿನ ಮೇಲೆ ತಿರುವಿ ಹಾಕಿದಳು. "ಗಂಡಸರನ್ನ ಹಲಗೆಗೆ ಕೂರಿಸ್ತೀರಂತೆ, ಹಾಡಿಗೆ ಹೊಸ ಸಾಲು ಸೇರಿಸಿದೀರಂತೆ."

"ಗಂಡಸರನ್ನ ಕೂರಿಸಿದ್ದು ಹೌದು. ಕಾಡಿನ ಮಧ್ಯ ನಾಲ್ಕೇ ಮನೆ, ಕುತ್ತಿಗೆವರೆಗೆ ಹಿಮ. ಯಾರ ಕೈ ಸಿಕ್ಕಿದ್ರೂ ಬೇಕಿತ್ತು. ಸಾಲು ಸೇರಿಸಿಲ್ಲ ಎಫೀ. ಇಲ್ಲಿಂದಲೇ ತಗೊಂಡು ಹೋದದ್ದು."

"ನಮ್ಮಮ್ಮನ ಬಾಯಲ್ಲಿ ಇಲ್ಲದ್ದು ನಮ್ಮದಲ್ಲ. ನನ್ನ ಹಲಗೆಯ ಮೇಲೆ ಅದು ಬರಬಾರದು."

ಬಾಗಿಲಲ್ಲಿ ನಿಂತಿದ್ದ ಮಾರ್ಸಲಿಗೆ ಈ ಮಾತು ಕೇಳಿಸಿತು. ಅತ್ತೆಗೂ ಅದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ಟೀನಿ ಒಬ್ಬಳೇ ಒಲೆಯ ಮುಂದೆ ಗಂಜಿ ಕದಡುತ್ತಿದ್ದಾಗ ಮಾರ್ಸಲಿ ಪಕ್ಕದಲ್ಲಿ ಕುಳಿತಳು.

"ಅಜ್ಜೀ, ಆ ಸಾಲು ಹೇಳಿಕೊಡ್ತೀರಾ?"

"ಯಾಕೆ? ಬರೆದು ಮ್ಯೂಸಿಯಮ್ಮಿಗೆ ಕಳಿಸೋಕಾ? ಮೊನ್ನೆ ನಮ್ಮೂರಿಗೆ ಒಬ್ಬ ಅದಕ್ಕೇ ಬಂದಿದ್ದ, ರೆಕಾರ್ಡ್ ಮಾಡೋ ಮೆಷಿನ್ ಹಿಡ್ಕೊಂಡು."

"ಅಲ್ಲ."

"ಮತ್ತೆ?"

ಮಾರ್ಸಲಿಯ ಕಿವಿಯವರೆಗೂ ಬಿಸಿಯೇರಿತು. "ಹಾಡೋಕೆ."

ಟೀನಿ ಸೌಟು ಕೆಳಗಿಟ್ಟಳು. "ಹಾಗನ್ನು. ನೋಡು, ನನ್ನ ಮುತ್ತಜ್ಜಿ ಈ ಸಾಲನ್ನ ಇಲ್ಲೇ ಹಾಡಿ, ಅವನನ್ನೇ ಕಟ್ಟಿಕೊಂಡು, ಅದೇ ತಿಂಗಳು ಹಡಗು ಹತ್ತಿದ್ದಂತೆ. ಬೇಕು ಅಂದವರೆಲ್ಲ ಗಂಡನ ಜೊತೆ ಹೊರಟುಹೋದ್ರು. ಹಿಂದೆ ಉಳಿದವರಿಗೆ ಬೇಕು ಅನ್ನೋಕೆ ಯಾರು ಉಳಿದಿದ್ರು ಹೇಳು? ಅದಕ್ಕೇ ಮರೆತುಹೋಗಿರಬೇಕು."

"ಅತ್ತೆ ಸಿಟ್ಟಾಗ್ತಾಳೆ."

"ಆಗ್ತಾಳೆ. ನಿನಗೆ ಧೈರ್ಯ ಇಲ್ಲದಿದ್ರೆ ಗಂಜಿ ಕುಡಿದು ಎದ್ದು ಹೋಗು, ನಾನು ಯಾರಿಗೂ ಹೇಳಲ್ಲ. ಆದ್ರೆ ಹಾಡು ಒಂದೇ ಸಲ. ಇವನು ಸೋಮವಾರ ಹೊರಡ್ತಾನೆ. ಮತ್ತೆ ಬರ್ತೀನಿ ಅಂತ ನನ್ನ ಹತ್ತಿರ ಹೇಳಿಲ್ಲ."

ಮಾರ್ಸಲಿ ಎದ್ದು ಹೋಗಲಿಲ್ಲ. ಟೀನಿ ಒಡೆದ ದನಿಯಲ್ಲಿ, ಮೊಣಕಾಲ ಮೇಲೆ ತಾಳ ಹಾಕುತ್ತ, ಸಾಲು ಎತ್ತಿದಳು. ಗಂಜಿ ತಳ ಹಿಡಿಯಿತು.

*

ಶನಿವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಗೋಡೆಗೆ ಒತ್ತಿಕೊಂಡು ಲೋಕದ ಮೂಲೆಮೂಲೆಯ ಮ್ಯಾಕ್‌ಫೀಗಳು. ಹಲಗೆಯ ಸುತ್ತ ನಮ್ಮ ಹೆಂಗಸರು, ಅವರ ನಡುವೆ ಟೀನಿ. ಹೆಕ್ಟರ್ ಹೋದ ಸಲದ ಪಾಠ ಕಲಿತವನಂತೆ ಬಾಗಿಲಲ್ಲೇ ನಿಂತಿದ್ದ, ಒಂದು ಭುಜ ಒಳಗೆ, ಒಂದು ಹೊರಗೆ.

ಬಟ್ಟೆ ಸುತ್ತಿತು. ದಪ್ ದಪ್ ಎಂಬ ಬಡಿತ ನೆಲದಿಂದ ಕಾಲಿಗೆ ಏರಿತು. ಹಾಡಿನ ಮೇಲೆ ಹಾಡು ಮುಗಿಯಿತು. ಎಫೀ ಬೆರಳಿನಿಂದ ಬಟ್ಟೆಯ ದಪ್ಪ ನೋಡಿ ತಲೆಯಾಡಿಸಿ ಜೋಡಿ ಹಾಡು ಎತ್ತಿದಳು.

ಡೋಲೀನಾಗೆ ಹಡಗಿನ ಹಗ್ಗ ಕಟ್ಟುವ ಮುದುಕ ಟಾರ್ಕಿಲ್‌ನ ಹೆಸರು ಬಂತು. "ಬೇಡ ನನಗವನು" ಎಂದು ಡೋಲೀನಾ ಹಾಡಿದಾಗ ಟಾರ್ಕಿಲ್ ಎದೆ ಹಿಡಿದುಕೊಂಡು ಬಿದ್ದವನಂತೆ ಮಾಡಿದ. ನಗು, ಚಪ್ಪಾಳೆ. ಒಬ್ಬೊಬ್ಬರದಾಗಿ ಮುಗಿಯಿತು. ಕೊನೆಗೆ ಮಾರ್ಸಲಿ.

ಅತ್ತೆ ಅವಳನ್ನು ನೋಡಿದಳು. ಬೇರೆ ಯಾರ ಹೆಸರನ್ನಾದರೂ ಕೊಟ್ಟುಬಿಡಬಹುದಿತ್ತು. ಒಂದು ಸುತ್ತು ಬರೀ ಬಡಿತದಲ್ಲೇ ಕಳೆಯಿತು. ಆಮೇಲೆ ಎಫೀ ಹೆಕ್ಟರ್‌ನ ಹೆಸರನ್ನೇ ಹಾಡಿದಳು. ತಾನು ಸಾಕಿದ ಹುಡುಗಿಯ ಪಾಲಿನ ಹೆಸರನ್ನು ನುಂಗಿಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

ಮಾರ್ಸಲಿ ಬಾಗಿಲ ಕಡೆ ನೋಡಿದಳು. ಅವಳು ತಡೆದದ್ದನ್ನು ಕಂಡು, ಮರೆತಳೇನೋ ಎಂದು, ಪಕ್ಕದವರು ರೂಢಿಯಂತೆ ಅವಳ ಪರವಾಗಿ ಶುರುಮಾಡಿಯೇಬಿಟ್ಟರು. ಅವನ ದೋಣಿಗೆ ತೂತಿದೆ...

ಬಾಗಿಲಲ್ಲಿ ಒಳಗಿದ್ದ ಭುಜ ಹೊರಗೆ ಸರಿಯಿತು.

ಮಾರ್ಸಲಿ ಎರಡೂ ಅಂಗೈಯಿಂದ ಬಟ್ಟೆಗೆ ಹೊಡೆದಳು. ನೀರು ಎಲ್ಲರ ಮುಖಕ್ಕೆ ಹಾರಿತು. ಆ ಸದ್ದಿಗೆ ತೆರವಾದ ಜಾಗದಲ್ಲಿ ಅವಳ ದನಿ ಎದ್ದಿತು:

"ದೋಣಿಗೆ ತೂತಿದ್ದರೆ ನೀರು ಮೊಗೆಯಲು ನನಗೆ ಕೈಯಿದೆ,
ಮನೆಯಲ್ಲಿ ಹೊಗೆಯಿದ್ದರೆ ಬಾಗಿಲು ತೆರೆಯಲು ನಾನಿದ್ದೇನೆ,
ಆಚೆ ದಡದವಳಿಗೆ ಬೇಡ, ಕೊಡು ಅವನನ್ನು ನನಗೇ."

ಕೈಗಳೆಲ್ಲ ನಿಂತವು. ಟೀನಿಯ ಎರಡು ಮುದಿ ಕೈ ಮಾತ್ರ ತಾಳ ಬಿಡದೆ ಬಡಿಯುತ್ತಿದ್ದವು. ಎಲ್ಲರೂ ಎಫೀಯ ಮುಖ ನೋಡಿದರು.

"ಕೊನೆಗೆ ಏರುತ್ತಲ್ಲ ಆ ರಾಗ," ಎಂದಳು ಎಫೀ ಮೆಲ್ಲಗೆ. "ನಮ್ಮಮ್ಮ ಹಾಲು ಕರೆಯುವಾಗ ಗುನುಗ್ತಿದ್ದಳು. ಬರೀ ರಾಗ, ಮಾತಿಲ್ಲ. ಮಾತು ಏನಮ್ಮಾ ಅಂತ ಕೇಳಿದ್ರೆ, ಎಲ್ಲೋ ಹೋಯ್ತು ಕಣೇ ಅಂತಿದ್ದಳು."

"ನಮ್ಮ ಹತ್ತಿರ ಇತ್ತು ಎಫೀ," ಅಂದಳು ಟೀನಿ. "ಜೋಪಾನವಾಗಿತ್ತು."

ಎಫೀ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡು ಸಿಡುಕಿದಳು. "ಏನು ನೋಡ್ತಾ ಕೂತಿದೀರಿ? ಬಟ್ಟೆ ತಣ್ಣಗಾಗ್ತಿದೆ, ಬಡೀರಿ. ಏಯ್, ಬಾಗಿಲಲ್ಲಿ ನಿಂತಿರೋನೇ! ಒಳಗೆ ಬಾ. ತೋಳು ಮಡಿಸು."

ಹೆಕ್ಟರ್ ಬಂದ. ಮಾರ್ಸಲಿಯ ಪಕ್ಕ ಜಾಗವಾಯಿತು. ಅವನು ಬಟ್ಟೆಗೆ ಕೈ ಹಾಕಿದ, ತಪ್ಪು ಕಡೆಗೆ ತಳ್ಳಿದ.

"ಪ್ರದಕ್ಷಿಣೆ," ಅಂದಳು ಅವಳು, ಒದ್ದೆ ಉಣ್ಣೆಯ ಕೆಳಗೆ ಅವನ ಕೈಯ ಮೇಲೆ ತನ್ನ ಕೈಯಿಟ್ಟು. "ಇದೂ ಗೊತ್ತಿಲ್ವಾ ನಿನಗೆ?"

"ಗೊತ್ತಿತ್ತು. ಈಗ ಮರೆತುಹೋಯ್ತು."

ಎದುರಿನಿಂದ ಎಫೀ ಕೇಳಿದಳು, "ಮಗ್ಗದ ಮೇಲೆ ಇನ್ನೊಂದು ಬಟ್ಟೆ ಇದೆಯೇನೇ? ಈ ಬಟ್ಟೆಗೆ ಆ ಹಾಡು ಮತ್ತೆ ಹಾಡೋ ಹಾಗಿಲ್ಲ. ನನಗೆ ಇನ್ನೊಂದು ಸಲ ಕೇಳಬೇಕು. ಕಲೀಬೇಕು."

"ಅರ್ಧ ನೇಯ್ದಿದೆ ಅತ್ತೆ."

"ಮುಗಿಯೋಕೆ ಎಷ್ಟು ದಿನ ಬೇಕು?" ಹೆಕ್ಟರ್ ಕೇಳಿದ. ಸೋಮವಾರದ ಹಡಗು ಅವನ ದನಿಯಲ್ಲಿತ್ತು.

"ಒಬ್ಬಳೇ ಆದ್ರೆ ಚಳಿಗಾಲ ಬಂದುಬಿಡುತ್ತೆ."

"ಹೊಸ್ತಿಲಲ್ಲಿ ನಾನು ಕೂತಿದ್ರೆ?"

ಮಾರ್ಸಲಿ ತಲೆ ಬಗ್ಗಿಸಿ ಬಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಅವಳ ಕೆನ್ನೆಯ ಮೇಲೆ ನೀರಿನ ಹನಿಗಳು ಇನ್ನೂ ಆರಿರಲಿಲ್ಲ.

"ಇನ್ನೂ ತಡ," ಅಂದಳು. "ದಾರ ಬಹಳ ತುಂಡಾಗುತ್ತೆ."