ಕೆಲ್ವಿನ್ ಬ್ರೂಸ್ಟರ್ ಸಹಿ ಹಾಕುವವರೆಗೆ

ಜುಲೈ ಆರರ ಬೆಳಿಗ್ಗೆ ಎಂಟೂವರೆಗೆ ಸೇಂಟ್ ಲೂಯಿಸ್‌ನ ಠಾಣೆಗೆ ಬಂದ ರೊನೆಟ್ಟ ಬ್ರೂಸ್ಟರ್, ಅಣ್ಣ ಕಾಣೆಯಾಗಿದ್ದಾನೆ ಎಂದು ನಿಂತೇ ದೂರು ಬರೆಸಿದಳು. ಅಣ್ಣ ಕೆಲ್ವಿನ್, ಊರಿನ ಪೈಲಟ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ತಾರೆ. ಒಪ್ಪಂದ ಮುಗಿದಿದ್ದರಿಂದ ಯಾವ ತಂಡಕ್ಕೆ ಬೇಕಾದರೂ ಹೋಗಬಹುದಿತ್ತು. ಸಿಯಾಟಲ್ ತಂಡಕ್ಕೆ ಮಾತು ಕೊಟ್ಟವನು ಮನಸ್ಸು ಬದಲಾಯಿಸಿ ಪೈಲಟ್ಸ್‌ನಲ್ಲೇ ಉಳಿಯುತ್ತಿದ್ದಾನೆಂದು ಟಿವಿಯವರು ಬಡಕೊಳ್ಳುತ್ತಿದ್ದರು. ಲೀಗಿನ ನಿಯಮದಂತೆ ಅಂದು ಮಧ್ಯಾಹ್ನ ಹನ್ನೆರಡರವರೆಗೆ ಬರೀ ಮಾತು. ಸಹಿ ಏನಿದ್ದರೂ ಆಮೇಲೆ.

"ಅಮ್ಮಂಗೆ ಬೆಳಗಿನ ಜಾವ ಹಾರ್ಟ್ ಅಟ್ಯಾಕ್ ಆಯ್ತು ಮೇಡಂ. ಅವನನ್ನೇ ಕೇಳ್ತಿದಾಳೆ. ಅವನ ಮನೆಗೆ ಹೋದ್ರೆ ಗೇಟಲ್ಲೇ ಇಲ್ಲ ಅಂದ್ಬಿಟ್ರು. ಮೆಸೇಜ್ ಹಾಕಿದ್ದಕ್ಕೆ ಇದು ಬಂತು."

ಡಿಟೆಕ್ಟಿವ್ ಎಮಿನಾ ಹೋಜಿಚ್ ಓದಿದಳು: 'ಊರಲ್ಲಿಲ್ಲ. ಡಾಕ್ಟರು ನೋಡ್ಕೊಳ್ತಾರೆ. ಸಂಜೆ ಬರ್ತೀನಿ.'

"ನಿಮ್ಮಣ್ಣ ಬರೆದಿದ್ದಲ್ವಾ?"

"ಅಮ್ಮಂಗೆ ನೆಗಡಿ ಅಂದ್ರೂ ಓಡಿ ಬರೋನು. ಇದು ಯಾವನೋ ಬೇರೆಯವನು."

ಫೋನ್ ಕಂಪನಿಯನ್ನು ವಿಚಾರಿಸಿದಾಗ ಫೋನು ಕೆಲ್ವಿನ್‌ನ ಮನೆಯಲ್ಲೇ ಇರುವುದು ಖಚಿತವಾಯಿತು. ಎಮಿನಾಳಿಗೆ ಮೈಯೆಲ್ಲ ಉರಿಯಿತು. ಕಾನ್‌ಸ್ಟೇಬಲ್ ಗ್ರೇಡಿಯನ್ನು ಕರೆದುಕೊಂಡು ಹೊರಟಳು.

ಬಾಗಿಲಿಗೆ ಬಂದವನು ಪೈಲಟ್ಸ್ ತಂಡದ ಜನರಲ್ ಮ್ಯಾನೇಜರ್ ವಾರೆನ್ ಪ್ರುಯಿಟ್. ಕೈಯಲ್ಲಿ ಕಡುಬಿನಂತೆ ಮಾಂಸ ತುಂಬಿ ಕರಿದ ರ‍್ಯಾವಿಯೋಲಿಯ ತಟ್ಟೆ.

"ಕೆಲ್ವಿನ್ ಎಲ್ಲಿ?"

"ಮಲಗಿದಾನೆ. ಮಧ್ಯಾಹ್ನದ ಮೇಲೆ ಬನ್ನಿ."

"ಅವರಮ್ಮ ಆಸ್ಪತ್ರೇಲಿದಾರೆ. ಗೊತ್ತಾ?"

"ಅಯ್ಯೋ, ಈಗ್ಲೇ ಕೇಳ್ತಿರೋದು."

ಅವನನ್ನು ಪಕ್ಕಕ್ಕೆ ಸರಿಸಿ ಇಬ್ಬರೂ ಒಳನುಗ್ಗಿದರು. ಹಿತ್ತಿಲ ಬಾಗಿಲಿಗೆ ಕುರ್ಚಿ ಒತ್ತರಿಸಿ ಇಟ್ಟಿದ್ದರು. ಕೋಚ್ ಮತ್ತು ಇಬ್ಬರು ಆಟಗಾರರ ನಡುವೆ ಕೆಲ್ವಿನ್ ಇಸ್ಪೀಟು ಹಿಡಿದು ಕೂತಿದ್ದ. ಸಹಿಯಾಗುವ ತನಕ ತಾರೆಯನ್ನು ಒಂಟಿಯಾಗಿ ಬಿಡಬಾರದೆಂಬುದು ಇವರ ಪದ್ಧತಿ. ಸಿಯಾಟಲ್‌ನವರು ಕರೆ ಮಾಡಿ ಕೆಡಿಸಬಾರದೆಂದು ಎಲ್ಲರ ಫೋನುಗಳನ್ನೂ ಒಂದು ಡಬ್ಬಿಗೆ ಹಾಕಿದ್ದರು.

"ನನ್ನ ಫೋನ್ ನಾನೇ ಕೊಟ್ಟೆ ಮೇಡಂ," ಎಂದ ಕೆಲ್ವಿನ್. " ನನ್ನ ಏಜೆಂಟ್ ಏನಾದ್ರೂ ಕೇಳಿದ್ರೆ ಉತ್ತರ ಕೊಡ್ಲಿ ಅಂತ ವಾರೆನ್‌ಗೆ ಲಾಕ್ ನಂಬರೂ ಹೇಳಿದ್ದೆ. ಯಾಕೆ?"

"ತಂಗಿಗೆ ಮೆಸೇಜ್ ಹಾಕಿದ್ದು ನೀವಾ?"

"ಯಾವ ಮೆಸೇಜು?"

ಡಬ್ಬಿಯಲ್ಲಿ ಕೆಲ್ವಿನ್‌ನ ಫೋನ್ ಇರಲಿಲ್ಲ. ಗ್ರೇಡಿ ಅದನ್ನು ಪ್ರುಯಿಟ್‌ನ ಪ್ಯಾಂಟಿನ ಜೇಬಿನಿಂದ ತೆಗೆದು, ಎಲ್ಲರೆದುರು ವಶಪಡಿಸಿಕೊಂಡ. ಎಮಿನಾ ತಂಗಿಯ ಸಂದೇಶಗಳನ್ನು ತೆರೆದು ಕೆಲ್ವಿನ್‌ನ ಮುಂದೆ ಹಿಡಿದಳು. ಅವನು ಓದಿ ಪ್ರುಯಿಟ್‌ನನ್ನು ನೋಡಿದ.

"ಬೆಳಿಗ್ಗೆಯಿಂದ ನನ್ನ ಜೊತೆ ನಗ್ತಾ ಕೂತಿದ್ದೆಯಲ್ಲೋ," ಎಂದ. ಅಷ್ಟೇ ಹೇಳಿ ಬರಿಗಾಲಲ್ಲೇ ಪೊಲೀಸ್ ಕಾರಿಗೆ ಓಡಿದ. ಗ್ರೇಡಿ ಸೈರನ್ ಹಾಕಿಕೊಂಡು ಹೋದರೂ ಪ್ರಯೋಜನವಾಗಲಿಲ್ಲ. ಅವರು ಆಸ್ಪತ್ರೆ ಮುಟ್ಟುವ ಅರ್ಧ ಗಂಟೆ ಮುಂಚೆ ತಾಯಿ ತೀರಿಕೊಂಡಿದ್ದಳು.

ಇನ್ನೊಬ್ಬರ ಹೆಸರಿನಲ್ಲಿ ಸಂದೇಶ ಕಳಿಸಿದ್ದು, ಪೊಲೀಸರಿಗೆ ಸುಳ್ಳು ಹೇಳಿದ್ದು ಎಂದು ಪ್ರುಯಿಟ್‌ನನ್ನು ಬಂಧಿಸಲಾಯಿತು. ಈ ಕಾನೂನಿನಲ್ಲಿ ಇಷ್ಟೇ ಇರೋದಾ ಎಂದು ಎಮಿನಾ ಹಲ್ಲು ಕಡಿದಳು.

ಹೋದ ಬೇಸಿಗೆಯಲ್ಲಿ ಇನ್ನೊಬ್ಬ ತಾರೆ ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದ. ಇವನೂ ಹೋದರೆ ನೀನೂ ಹೋಗು ಎಂದು ತಂಡದ ಮಾಲೀಕ ಎಲ್ಲರೆದುರು ಪ್ರುಯಿಟ್‌ನ ಮರ್ಯಾದೆ ತೆಗೆದಿದ್ದ. ಆ ಭಯದಲ್ಲಿ ಮನುಷ್ಯತ್ವವನ್ನೇ ಬಿಟ್ಟೆನೆಂಬುದು ಅವನಿಗೆ ಇನ್ನೂ ಹೊಳೆದಿರಲಿಲ್ಲ.

"ಒಂದೇ ಒಂದು ಹೇಳಿ ಮೇಡಂ," ಎಂದ. "ಗಂಟೆ ಹನ್ನೆರಡು ದಾಟ್ತು. ಅವನು ಸಹಿ ಹಾಕಿದ್ನಾ?"

"ಹಾಕ್ದ ಕಣೋ," ಎಂದಳು ಎಮಿನಾ. "ಅವರಮ್ಮನ ಹೆಣ ತಗೊಂಡು ಹೋಗೋಕೆ."