ಅಡಿಹಲಗೆಯ ಬಡಿತ

“ಕೆಳಗಿಂದ ಬಡಿತ ಕೇಳಿದ್ರೆ ಮೊದಲು ಓಗೊಡು ಮಗಾ. ಆಮೇಲೆ ಎಂಜಿನ್ ಮುಟ್ಟು.”

ದೋಣಿಕಟ್ಟೆಯ ಮೆಟ್ಟಿಲ ಮೇಲೆ ಕೂತು ಹೀಗೆಂದ ಮುದುಕಿಯ ತಲೆ ಬೋಳು. ಅವಳ ಮಗ ಕಟ್ಟೆಗೆ ಕಟ್ಟಿದ್ದ ಈ ದೋಣಿಯ ಆಳಾಗಿದ್ದ. ದೋಣಿಯಡಿ ತಿರುಗುವ ಫ್ಯಾನಿಗೆ ಸಿಕ್ಕಿದ ಬಲೆ ಬಿಡಿಸಲು ನೀರಿಗಿಳಿದವನು, ತಾನಿನ್ನೂ ಕೆಳಗಿದ್ದೇನೆಂದು ಅಡಿಹಲಗೆ ಬಡಿಯುತ್ತಲೇ ಇದ್ದ. ಧಣಿಗೆ ಅವಸರ, ಎಂಜಿನ್ ಸ್ಟಾರ್ಟ್ ಮಾಡಿಬಿಟ್ಟಿದ್ದ. ನೀರು ಕೆಂಪಾದದ್ದು ಊರಿಗೆಲ್ಲ ಕಂಡಿತು. ಕಾನೂನಿನ ಕಣ್ಣಿಗೆ ಮಾತ್ರ ಬೀಳಲಿಲ್ಲ.

ಅಂದಿನಿಂದ ದೋಣಿಗೆ ತಲೆಬುಡವಿಲ್ಲದ ಕಾಯಿಲೆ. ಹೊಸ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ಚಾವಿ ಕಿತ್ತರೂ ಎಂಜಿನ್ ನಿಲ್ಲುತ್ತಿರಲಿಲ್ಲ. ಸೋಸಿದ ಡೀಸೆಲ್‌ನಲ್ಲಿ ಕೂದಲು.

ಹೊಸದಾಗಿ ಬಂದ ಮೆಕ್ಯಾನಿಕ್ ನಕ್ಕ. “ಅಜ್ಜಿ, ನಿನ್ನ ಮಾಟಕ್ಕೆ ನನ್ನ ಸ್ಪ್ಯಾನರೇ ಮದ್ದು.”

“ನನ್ನ ಜಡೆ ಕೊಯ್ದು ದೋಣಿಗೆ ಮಾಟ ಕಟ್ಟಿಸಿದ್ದು ಧಣಿಗೆ ಅಂತ. ಆದ್ರೆ ಅದಕ್ಕೆ ಕಣ್ಣಿಲ್ಲಪ್ಪಾ, ನೀರಿಗಿಳಿದವರನ್ನ ಹಿಡಿಯುತ್ತೆ. ಧಣಿಗಳು ಯಾವತ್ತು ನೀರಿಗಿಳಿದಿದ್ದಾರೆ ಹೇಳು? ಇಳಿಯೋರು ನಿನ್ನಂಥೋರೇ. ಬಿಚ್ಚೋದು ನನಗೆ ಗೊತ್ತಿಲ್ಲ.”

ಅವನು ಸಿಳ್ಳೆ ಹಾಕುತ್ತ ದೋಣಿ ಹತ್ತಿದ.

ನಡುನೀರಿನಲ್ಲಿ ಅಡಿಯಿಂದ ಸದ್ದು. ಟಕ್. ಟಕ್. ಟಕ್. ಚುಕ್ಕಾಣಿ ಹಿಡಿದಿದ್ದ ಧಣಿ ಬಿಳಿಚಿಕೊಂಡ.

“ಏನಯ್ಯಾ ಅದು?”

“ಸಡಿಲ ಹಲಗೆ ಧಣಿ. ಕಿವಿಗೆ ಹಾಕ್ಕೋಬೇಡಿ.”

ಮಾತು ಮುಗಿಯುವ ಮೊದಲೇ ಎಂಜಿನ್ ಕೆಮ್ಮಿ ಸತ್ತಿತು. ಫ್ಯಾನಿಗೆ ಏನೋ ಸುತ್ತಿಕೊಂಡಿತ್ತು. “ನಾನು ಮೇಲೆ ಬರೋವರೆಗೂ ಚಾವಿ ಮುಟ್ಟಬೇಡಿ,” ಎಂದ ಮೆಕ್ಯಾನಿಕ್ ಚಾಕು ಹಿಡಿದು ನೀರಿಗಿಳಿದ.

ದೋಣಿಯಡಿ ಗವ್ವೆನ್ನುವ ಕತ್ತಲು. ಬಾಯಲ್ಲಿ ಡೀಸೆಲ್ಲಿನ, ತುಕ್ಕಿನ ರುಚಿ. ತಡವಿದ ಕೈಗೆ ಸಿಕ್ಕಿದ್ದು ಬಲೆಯಲ್ಲ. ಕೂದಲು. ಬಿಗಿಯಾಗಿ ಹೆಣೆದ ಜಡೆ. ಕೊಯ್ದ. ಕೊಯ್ದಷ್ಟೂ ಬೆಳೆಯಿತು. ಮಣಿಕಟ್ಟಿಗೆ ಸುತ್ತಿತು, ಬಿಗಿಯಿತು, ಅವನನ್ನು ಫ್ಯಾನಿನ ರೆಕ್ಕೆಗೆ ಎಳೆದು ಕಟ್ಟಿತು. ಚಾಕು ಜಾರಿ ಆಳಕ್ಕೆ ಹೋಯಿತು.

ಆಗ ಯಾರೋ ದೋಣಿ ಹತ್ತಿದರು. ಒದ್ದೆ ಹೆಜ್ಜೆಗಳು. ಕಿವಿ ಹಲಗೆಗೆ ಒತ್ತಿಕೊಂಡಿದ್ದರಿಂದ ಮೇಲಿನ ಒಂದೊಂದು ಮಾತೂ ಅವನಿಗೆ ಕೇಳಿಸಿತು.

“ಆಯ್ತು ಧಣಿ. ಸ್ಟಾರ್ಟ್ ಮಾಡಿ.”

ಅದು ಅವನದೇ ದನಿ.

ಅವನು ಬಡಿದ. ಮುಷ್ಟಿಯಿಂದ ಬಡಿದ. ಹಣೆಯಿಂದ ಬಡಿದ. ಎದೆ ಉರಿಯಿತು. ಬಡಿದ.

“ಮತ್ತೆ ಆ ಸದ್ದು ಬರ್ತಿದೆಯಲ್ಲೋ?” ಧಣಿ ತಡವರಿಸಿದ.

“ಸಡಿಲ ಹಲಗೆ ಧಣಿ. ಕಿವಿಗೆ ಹಾಕ್ಕೋಬೇಡಿ.”

ಧಣಿ ನಿರಾಳವಾಗಿ ನಕ್ಕದ್ದು ಕೇಳಿಸಿತು. ಚಾವಿ ತಿರುಗಿದ್ದೂ ಕೇಳಿಸಿತು.

ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕೆಮ್ಮಲಿಲ್ಲ, ಮುಕ್ಕರಿಸಲಿಲ್ಲ.