ಬಾಗಿಲ ಪಕ್ಕದ ಕುರ್ಚಿ

ಬುಧವಾರ ಬೆಳಿಗ್ಗೆ ಹನ್ನೊಂದೂಮುಕ್ಕಾಲಕ್ಕೆ ವಿಶ್ವವಿದ್ಯಾಲಯದ ಹಕ್ಕು ಮತ್ತು ಸಮಾನತಾ ವಿಭಾಗದ ನಿರ್ದೇಶಕಿ ಠಾಣೆಗೆ ನಡೆದೇ ಬಂದರು. ಡ್ರೈವರನ್ನು ಹುಡುಕುವಷ್ಟು ತಾಳ್ಮೆ ಅವರಿಗಿರಲಿಲ್ಲ. ಕೂತುಕೊಳ್ಳಿ ಎಂದರೂ ಕೂರದೆ ಇನ್‌ಸ್ಪೆಕ್ಟರ್ ಮೇಜಿನ ಮುಂದೆ ನಿಂತೇ ಮಾತು ಶುರು ಮಾಡಿದರು.

"ನಮ್ಮ ಒಬ್ಬ ವಿದ್ಯಾರ್ಥಿನಿ ಕಾಣ್ತಿಲ್ಲ."

"ಯಾವಾಗಿಂದ?"

"ಹತ್ತೂವರೆಯಿಂದ."

ದಫೇದಾರರು ಗೋಡೆ ಗಡಿಯಾರದ ಕಡೆ ನೋಡಿ ಮೀಸೆಯೊಳಗೇ ನಕ್ಕರು. ಒಂದು ಗಂಟೆ ಕಾಣದವರನ್ನೆಲ್ಲ ಹುಡುಕಿಕೊಂಡು ಹೊರಟರೆ ಠಾಣೆಗೆ ಬೀಗ ಜಡಿಯಬೇಕಾಗುತ್ತದೆ. "ಕ್ಯಾಂಟೀನ್ ಕಡೆ ನೋಡಿದ್ರಾ ಮೇಡಂ?" ಎಂದು ಕೇಳಿಯೂ ಬಿಟ್ಟರು.

ನಿರ್ದೇಶಕಿ ಅವರ ಕಡೆ ತಿರುಗಲಿಲ್ಲ. "ಆ ಹುಡುಗಿ ಊರುಗೋಲು ಹಿಡಿದು ನಡೀತಾಳೆ. ಒಂದು ಕಾಲಿಗೆ ಬಲ ಇಲ್ಲ. ಸಂಶೋಧನೆ ಮಾಡ್ತಿದ್ದಾಳೆ. ತನ್ನ ಮಾರ್ಗದರ್ಶಕರ ಮೇಲೆ ದೂರು ಕೊಟ್ಟಿದ್ದಾಳೆ. ನೆಲಮಹಡೀಲಿ ಜಾಗ ಕೇಳಿದ್ರೆ ಲಿಫ್ಟ್ ಇಲ್ಲದ ಕಟ್ಟಡದ ಮೇಲ್ಮಹಡಿಗೆ ಹಾಕಿದ್ರು. ಅವಳ ಪ್ರಯೋಗ ಇನ್ನೊಬ್ಬರ ಕೈಗೆ ಕೊಟ್ಟರು. 'ನಿನ್ನ ಕೈಲಿ ಆಗಲ್ಲ' ಅಂತ ಎಲ್ಲರ ಮುಂದೆ ಹೇಳಿದ್ರು. ಇವತ್ತು ಹತ್ತೂವರೆಗೆ ಅದರ ವಿಚಾರಣೆ ಇತ್ತು."

"ಬರದಿದ್ರೆ ಏನಾಗುತ್ತೆ?"

"ದೂರು ಅಲ್ಲಿಗೇ ಮುಗೀತು. ನಮ್ಮ ನಿಯಮ. ಬೇರೆಯವರು ಅವಳನ್ನ ಬರದ ಹಾಗೆ ತಡೆದ್ರು ಅಂತ ಪೊಲೀಸರು ಹೇಳಿದ್ರೆ ಮಾತ್ರ ಇನ್ನೊಂದು ಅವಕಾಶ. ಸಮಿತಿ ನಾಳೆ ಬೆಳಿಗ್ಗೆ ಮತ್ತೆ ಸೇರುತ್ತೆ. ಆಮೇಲೆ ಸದಸ್ಯರು ಊರಲ್ಲಿರಲ್ಲ."

"ನಿಯಮ ಮಾಡಿದ್ದು ಯಾರು?"

"ನಾನೇ" ಎಂದರು ನಿರ್ದೇಶಕಿ. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತರು.

ಇನ್‌ಸ್ಪೆಕ್ಟರ್ ಎದ್ದರು. ಅವರದು ಮೊದಲೇ ಕಾಲು ಸುಟ್ಟ ಬೆಕ್ಕಿನ ಸ್ವಭಾವ; ಕೂತು ಯೋಚಿಸು ಎಂದರೆ ತಲೆ ಓಡುವುದಿಲ್ಲ. ದಫೇದಾರರನ್ನೂ ಇಬ್ಬರು ಕಾನ್‌ಸ್ಟೇಬಲ್‌ಗಳನ್ನೂ ಕರೆದುಕೊಂಡು ಹನ್ನೆರಡಕ್ಕೆ ವಿಶ್ವವಿದ್ಯಾಲಯದ ಗೇಟಿನಲ್ಲಿದ್ದರು.

ಹುಡುಗಿಯ ಫೋನ್ ಸ್ವಿಚ್ ಆಫ್ ಆಗಿತ್ತು. ಹಾಸ್ಟೆಲಿನ ಕಾವಲುಗಾರ ಹೇಳಿದ್ದು ಇಷ್ಟು: ಒಂಬತ್ತೂವರೆ ಹೊತ್ತಿಗೆ ಹಾಸ್ಟೆಲಿನ ಫೋನಿಗೆ ಒಂದು ಕರೆ ಬಂತು. ಗಂಟಲು ಕಟ್ಟಿದ ಹೆಂಗಸಿನ ದನಿ. ವಿಚಾರಣೆಯ ಜಾಗ ಬದಲಾಗಿದೆ ಎಂದು ಆ ಹುಡುಗಿಗೆ ತಿಳಿಸಿ ಎಂದಿತು.

"ಯಾವ ಜಾಗ ಅಂದ್ರು?"

"ಅದೇ ಸಾರ್, ನೆನಪಾಗ್ತಿಲ್ಲ. ಅವಳಿಗೆ ಹೇಳಿದೆ, ಹೇಳಿ ಮರೆತೆ."

"ಊಟ ಮಾಡೋದು ಮರೀತೀಯಾ?" ಎಂದು ದಫೇದಾರರು ರೇಗಿದರು. ಕಾವಲುಗಾರ ಇನ್ನಷ್ಟು ಮರೆತ.

ಹುಡುಕಾಟ ಮುಂದುವರಿಯಿತು. ಒಂದಕ್ಕೆ ಹತ್ತು ನಿಮಿಷವಿರುವಾಗ ದಫೇದಾರರ ಕರೆ ಬಂತು. ರಿಪೇರಿಗೆಂದು ಮುಚ್ಚಿದ್ದ ಹಳೆಯ ಲೈಬ್ರರಿಯ ಹಿಂಬದಿಯ ಕೋಣೆಯೊಂದರಲ್ಲಿ ಹುಡುಗಿ ಇದ್ದಳು. ಹೊರಗಿನಿಂದ ಚಿಲಕ ಹಾಕಿತ್ತು. ಒಳಗಿನಿಂದ ಊರುಗೋಲಿನಿಂದ ಬಾಗಿಲು ಬಡಿದು ಬಡಿದು ಅವಳ ಅಂಗೈ ಕೆಂಪಾಗಿತ್ತು.

"ಹೇಗ್ರೀ ಗೊತ್ತಾಯ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಇಷ್ಟು ವರ್ಷದ ಸರ್ವಿಸು ಸಾರ್" ಎಂದು ದಫೇದಾರರು ಮೂಗು ಮುಟ್ಟಿ ತೋರಿಸಿದರು.

ಹುಡುಗಿಗೆ ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಅತ್ತಿರಲಿಲ್ಲ. ಕೇಳಿದ ಮೊದಲ ಮಾತೇ "ಟೈಮ್ ಎಷ್ಟು?" ಎಂದು. ಹೇಳಿದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

"ಯಾರು ಚಿಲಕ ಹಾಕಿದ್ದು ನೋಡಿದ್ರಾ?"

"ಇಲ್ಲ. ಬಾಗಿಲು ತೆರೆದಿತ್ತು. ಹೊರಗೆ ವರಾಂಡದ ಕಿಟಕಿ ಕಟ್ಟೆ ಮೇಲೆ ತಟ್ಟೆ ಇತ್ತು, ಫೋನ್ ಅದರಲ್ಲಿಟ್ಟೆ."

"ಫೋನ್ ಯಾಕೆ ಇಟ್ರಿ?"

"ವಿಚಾರಣೆಗೆ ಫೋನ್ ತಗೊಂಡು ಹೋಗೋ ಹಾಗಿಲ್ಲ. ನನಗೂ ನನ್ನ ಮಾರ್ಗದರ್ಶಕರಿಗೂ ಕೊಟ್ಟಿರೋ ಸೂಚನೇಲೇ ಇದೆ. ಹತ್ತಕ್ಕೇ ಒಳಗೆ ಹೋಗಿ ಕೂತೆ. ಹಿಂದೆ ಬಾಗಿಲು ಮುಚ್ಚಿತು. ಯಾರೋ ಸಿಬ್ಬಂದಿ ಅಂದ್ಕೊಂಡೆ."

"ಅನುಮಾನ ಬರಲಿಲ್ವಾ?"

"ಕೂರೋಕೆ ವ್ಯವಸ್ಥೆ ಎಲ್ಲಾ ಮಾಡಿತ್ತಲ್ಲ ಸಾರ್. ಮೋಸ ಅಂತ ಹೇಗನ್ನಿಸುತ್ತೆ?"

ಒಂದೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಹಾಸ್ಟೆಲಿಗೆ ಬಣ್ಣ ಹೊಡೆಯುತ್ತಿದ್ದ ಇಬ್ಬರು ಪಂಚರಾದರು. ಬಾಗಿಲಿನದು ಎತ್ತಿ, ಪಕ್ಕಕ್ಕೆ ಎಳೆದು, ಮತ್ತೆ ಕೆಳಗೆ ಬಿಡಬೇಕಾದ ಹಳೆಯ ಕಬ್ಬಿಣದ ಚಿಲಕ. ಗಾಳಿಗೆ ಬೀಳುವ ಜಾತಿಯದಲ್ಲ. ಕೋಣೆಯ ಮೂಲೆಯಲ್ಲಿ ಮುರಿದ ಕಪಾಟುಗಳು, ಕುರ್ಚಿಗಳ ರಾಶಿ. ಆ ರಾಶಿಯಿಂದ ಒಂದು ಕುರ್ಚಿಯನ್ನು ಎಳೆದು ತಂದ ಗೆರೆ ಧೂಳಿನಲ್ಲಿ ಹೊಸದಾಗಿಯೇ ಇತ್ತು. ಕುರ್ಚಿಯನ್ನು ಯಾರೋ ಒರೆಸಿದ್ದರು. ಅದನ್ನು ಬಾಗಿಲಿಗೆ ಅಂಟಿದಂತೆ, ಕೂತವರಿಗೆ ಬಾಗಿಲೂ ಕಿಟಕಿಯೂ ಎರಡೂ ಕಾಣುವಂತೆ ತುಸು ಓರೆಯಾಗಿ ಇಟ್ಟಿದ್ದರು. ಎಡಗಡೆಯ ಸ್ಟೂಲಿನ ಮೇಲೆ ಸೀಲು ಒಡೆಯದ ನೀರಿನ ಬಾಟಲಿ, ಕಾಗದದ ಕರವಸ್ತ್ರದ ಡಬ್ಬಿ. ಕಿಟಕಿ ತೆರೆದಿತ್ತು. ಸರಳುಗಳಾಚೆ ಜನ ಸುಳಿಯದ ಹಿತ್ತಿಲು. ಫ್ಯಾನ್ ತಿರುಗುತ್ತಿತ್ತು.

"ಕೂಡಿಹಾಕಿದ್ದೋ, ನೆಂಟರನ್ನ ಕರೆದಿದ್ದೋ ಸಾರ್?" ದಫೇದಾರರು ಕೇಳಿದರು.

ಇನ್‌ಸ್ಪೆಕ್ಟರಿಗೂ ಅದೇ ಕಾಡುತ್ತಿತ್ತು. ಹುಡುಗಿಯ ಮೇಲೆ ಹಗೆ ಇದ್ದವನು ಮೊದಲು ಕಸಿದುಕೊಳ್ಳುವುದು ಊರುಗೋಲನ್ನು. ಇಲ್ಲಿ ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಎರಡೂಕಾಲಿಗೆ ಅಕ್ರಮ ಬಂಧನದ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ 'ಅಪರಿಚಿತರು' ಎಂದು ಬರೆಯಿಸಿದರು. ಅಪರಿಚಿತರು ಎಂದು ಬರೆದರೆ ಸಮಿತಿ ಒಪ್ಪುವುದೋ ಇಲ್ಲವೋ ಎಂಬ ಚಿಂತೆ ಅವರನ್ನು ಊಟಕ್ಕೂ ಕೂರಗೊಡಲಿಲ್ಲ.

ಎಲ್ಲರ ಬೆರಳೂ ಹುಡುಗಿಯ ಮಾರ್ಗದರ್ಶಕರಾದ ಪ್ರೊಫೆಸರ್ ಕಡೆಗೇ ಇತ್ತು. ಅವರ ಕೋಣೆಗೆ ಹೋದಾಗ ಇನ್‌ಸ್ಪೆಕ್ಟರ್ ಇನ್ನೂ ಬಾಯಿ ತೆರೆದಿರಲಿಲ್ಲ.

"ನಾನು ಬೆಳಿಗ್ಗೆ ಒಂಬತ್ತರಿಂದ ಹತ್ತೂಕಾಲರವರೆಗೆ ಕ್ಲಾಸಲ್ಲಿದ್ದೆ. ಅರವತ್ತು ಜನ ಸಾಕ್ಷಿ ಇದ್ದಾರೆ" ಎಂದರು ಪ್ರೊಫೆಸರ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ದಫೇದಾರರು ಬಹಳ ನೋಡಿದ್ದರು. ಖುಷಿಯಿಂದ ಮುಂದೆ ಬಂದರು. "ನಾವು ಏನೂ ಕೇಳೇ ಇಲ್ವಲ್ಲ ಸಾರ್?"

"ಕೇಳ್ತೀರಲ್ಲ. ಆ ಹಳೇ ಬಾಗಿಲು ತಾನಾಗೇ ಬಿದ್ದಿರುತ್ತೆ. ಏನೇ ಆಗಲಿ, ಅವಳು ಬರಲಿಲ್ಲ. ಕೇಸು ಮುಗೀತಲ್ವಾ?"

ಇನ್‌ಸ್ಪೆಕ್ಟರಿಗೆ ಕೋಪ ನೆತ್ತಿಗೇರಿತು. ಆದರೆ ಕ್ಲಾಸಿನ ಮಾತು ವಿಚಾರಿಸಿದರೆ ಅಪ್ಪಟ ನಿಜವಾಗಿತ್ತು. ಫೋನಿನಲ್ಲಿ ಹೆಂಗಸಿನ ದನಿ ಎಂದು ವಿಚಾರಿಸಿದರೆ ಪ್ರೊಫೆಸರರ ಹೆಂಡತಿಯೂ ಪರವೂರಿನಲ್ಲಿದ್ದರು. ಮನುಷ್ಯ ಕೆಟ್ಟವನಾದ ಮಾತ್ರಕ್ಕೆ ಎಲ್ಲ ಕೆಟ್ಟದ್ದನ್ನೂ ಅವನೇ ಮಾಡಿರಬೇಕಾಗಿಲ್ಲ ಎಂಬುದು ಪೊಲೀಸ್ ಕೆಲಸದ ದೊಡ್ಡ ಕಿರಿಕಿರಿ.

ನಾಲ್ಕು ಗಂಟೆಗೆ ಪೊಲೀಸರು ಸಮಾನತಾ ವಿಭಾಗಕ್ಕೆ ಬಂದರು. ಅಲ್ಲಿ ಎರಡು ದಾರಿ, ಎರಡು ಬಾಗಿಲು. ದೂರು ಕೊಟ್ಟವರು ಹಿಂದಿನಿಂದ, ದೂರಿಗೆ ಗುರಿಯಾದವರು ಮುಂದಿನಿಂದ. ಒಬ್ಬರ ಮುಖ ಒಬ್ಬರು ಎದುರಾಬದುರಾಗಿ ನೋಡದಂತೆ ಆ ವ್ಯವಸ್ಥೆ ಎಂದು ನಿರ್ದೇಶಕಿ ವಿವರಿಸಿದರು. ವಿಭಾಗದ ನೆರವು ಅಧಿಕಾರಿ ಚಹಾ ತಂದಿಟ್ಟರು. ಮೆತ್ತಗಿನ ಮಾತಿನ, ಮೆತ್ತಗಿನ ನಡಿಗೆಯ ಹೆಂಗಸು. ದೂರು ಕೊಟ್ಟವರನ್ನು ಕರೆತಂದು, ವಿಚಾರಣೆ ಮುಗಿಯುವವರೆಗೆ ಪಕ್ಕದಲ್ಲಿ ಕೂರುವುದು ಅವರ ಕೆಲಸ. ವಿದ್ಯಾರ್ಥಿಗಳೆಲ್ಲ ಚಿಕ್ಕಮ್ಮ ಎನ್ನುತ್ತಿದ್ದರು.

"ಹುಡುಗಿ ಏನಾದ್ರೂ ತಿಂದ್ಲಾ ಸಾರ್?" ಎಂದು ಕೇಳಿ, ಉತ್ತರ ಪಡೆದು, ಚಿಕ್ಕಮ್ಮ ಹೊರಗೆ ಹೋದರು.

ನಿರ್ದೇಶಕಿ ಹಿಂಬದಿಯ ಕೋಣೆಯ ಬಾಗಿಲು ತೆರೆದರು. ಇನ್‌ಸ್ಪೆಕ್ಟರ್ ಹೊಸ್ತಿಲಲ್ಲೇ ನಿಂತುಬಿಟ್ಟರು. ಬಾಗಿಲಿಗೆ ಅಂಟಿದಂತೆ ಒಂದು ಕುರ್ಚಿ, ತುಸು ಓರೆಯಾಗಿ. ಎಡಗಡೆ ಸ್ಟೂಲು. ಸ್ಟೂಲಿನ ಮೇಲೆ ಸೀಲು ಒಡೆಯದ ಬಾಟಲಿ, ಕರವಸ್ತ್ರದ ಡಬ್ಬಿ. ಕಿಟಕಿ ತೆರೆದಿತ್ತು.

"ಕುರ್ಚಿ ಯಾಕೆ ಇಲ್ಲಿದೆ?"

"ಹೆದರಿ ಬಂದಿರ್ತಾರೆ. ಬೇಡ ಅನ್ನಿಸಿದ ಕೂಡಲೇ ಎದ್ದು ಹೋಗಬಹುದು ಅನ್ನೋ ಧೈರ್ಯ ಇರಬೇಕು. ಅದಕ್ಕೇ ಬಾಗಿಲು ಅವರ ಕೈಗೆ ಸಿಗೋ ಹಾಗೆ. ನೀರು ಇನ್ನೊಬ್ಬರು ಮುಟ್ಟಿದ್ದು ಅನ್ನಿಸಬಾರದು, ಅದಕ್ಕೆ ಸೀಲು."

"ಪ್ರೊಫೆಸರ್ ಈ ಕೋಣೆ ನೋಡಿದ್ದಾರಾ?"

"ಸಾಧ್ಯವೇ ಇಲ್ಲ. ಆ ಕಡೆಯವರಿಗೆ ಈ ಕಡೆ ಬರೋಕೆ ಬಿಡಲ್ಲ. ಅವರ ಕೋಣೇಲಿ ಬರೀ ಮೇಜು, ಕುರ್ಚಿ."

"ಇದನ್ನೆಲ್ಲ ಹೀಗೆ ಜೋಡಿಸಿಡೋದು ಯಾರು?"

ನಿರ್ದೇಶಕಿ ಹೆಸರು ಹೇಳಲು ಬಾಯಿ ತೆರೆದವರು ಚಿಕ್ಕಮ್ಮ ಹೋದ ಕಡೆಗೆ ತಿರುಗಿದರು.

ದಫೇದಾರರು ಗಂಟಲು ಸರಿಮಾಡಿಕೊಂಡರು. "ಸಾರ್, ಒಂದು ಮಾತು. ಹಳೇ ಲೈಬ್ರರಿ ಕಡೆ ಒಂದ್ಸಲ ನೋಡಿ ಅಂತ ನನಗೆ ಹೇಳಿದ್ದು ಆ ಚಿಕ್ಕಮ್ಮನೇ."

"ನಿಮ್ಮ ಸರ್ವಿಸು ಅಂದ್ರಿ?"

"ಸರ್ವಿಸೂ ಇತ್ತು ಸಾರ್" ಎಂದು ದಫೇದಾರರು ನೆಲ ನೋಡಿದರು.

ಚಿಕ್ಕಮ್ಮ ಓಡಿಹೋಗಿರಲಿಲ್ಲ. ಹೊರಗೆ ಲೋಟ ತೊಳೆಯುತ್ತಿದ್ದರು. ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ನಿಂತಾಗ ನಲ್ಲಿ ನಿಲ್ಲಿಸಿದರು.

"ಹಾಸ್ಟೆಲಿಗೆ ಫೋನ್ ಮಾಡಿದ್ದು ನೀವಾ?"

"ಹೌದು. ಬಾಯಿಗೆ ಸೆರಗು ಅಡ್ಡ ಇಟ್ಕೊಂಡೆ."

"ಚಿಲಕ?"

"ನಾನೇ. ಫೋನೂ ನಾನೇ ಆಫ್ ಮಾಡಿ ಎತ್ತಿಟ್ಟೆ. ಸಮಿತಿ ಎದ್ದ ಕೂಡಲೇ ಚಿಲಕ ತೆಗೆಯೋಣ ಅಂತಿದ್ದೆ. ಅಷ್ಟರಲ್ಲಿ ಮೇಡಂ ಎಲ್ಲರನ್ನೂ ಹುಡುಕೋಕೆ ಓಡಿಸಿದ್ರು, ನನ್ನನ್ನ ಇಲ್ಲೇ ಇರು ಅಂದ್ರು. ಅದಕ್ಕೇ ಇವರಿಗೆ ಹೇಳಿದೆ."

"ಕೂಡಿಹಾಕೋರು ಕುರ್ಚಿ ಯಾಕಮ್ಮ ಬಾಗಿಲ ಹತ್ತಿರ ಇಟ್ರಿ?"

ಚಿಕ್ಕಮ್ಮನಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಇನ್ನೆಲ್ಲಿ ಇಡಲಿ? ಕುರ್ಚಿ ಅಲ್ಲೇ ಅಲ್ವಾ ಇರೋದು?"

ಐದು ಗಂಟೆಗೆ ಬಂಧನವಾಯಿತು. ಠಾಣೆಯಲ್ಲಿ ಹೇಳಿಕೆ ಕೊಡುವಾಗಲೂ ಚಿಕ್ಕಮ್ಮನ ದನಿ ಏರಲಿಲ್ಲ. ಕಳೆದ ವರ್ಷ ಒಬ್ಬ ಹುಡುಗ ಬಂದಿದ್ದನಂತೆ. ಹುಟ್ಟಿನ ಕಾರಣಕ್ಕೆ ಅವನನ್ನು ಹೀನಾಯವಾಗಿ ಕಂಡಿದ್ದರು. ಏನೂ ಆಗಲ್ಲ ಬಾ ಎಂದು ಚಿಕ್ಕಮ್ಮನೇ ಕೈ ಹಿಡಿದು ಒಳಗೆ ಕರೆದೊಯ್ದಿದ್ದರು. ಎದುರು ಪಕ್ಷದ ವಕೀಲರು ಎರಡು ದಿನ ಪ್ರಶ್ನೆ ಕೇಳಿದರು. ಎಲ್ಲವೂ ನಿಯಮದ ಪ್ರಕಾರವೇ. ಆರೋಪ ಸಾಬೀತಾಗಿಲ್ಲ ಎಂದು ತೀರ್ಪು ಬಂತು. ಹುಡುಗ ಓದು ಬಿಟ್ಟ.

"ಅವನ ಮನೆಗೆ ಹೋಗಿದ್ದೆ ಸಾರ್. ನನ್ನ ನೋಡಿ ಒಳಗೆ ಹೋಗಿ ಕದ ಹಾಕ್ಕೊಂಡ. ಅವರಮ್ಮ ನನಗೆ ಚಹಾ ಕೊಟ್ರು. ಬೈದಿದ್ರೆ ಚೆನ್ನಾಗಿತ್ತು."

"ಈ ಹುಡುಗಿಗೆ ಹೋಗಬೇಡ ಅನ್ನಬಹುದಿತ್ತಲ್ಲ?"

"ಅನ್ನೋ ಹಾಗಿಲ್ಲ. ಹೋಗು ಅನ್ನೋ ಹಾಗೂ ಇಲ್ಲ. ನಾವು ಸಲಹೆ ಕೊಡಬಾರದು. ಪಕ್ಕದಲ್ಲಿ ಕೂತಿರಬೇಕು, ಅಷ್ಟೇ."

ನಿರ್ದೇಶಕಿ ಕಿಟಕಿಯ ಬಳಿ ನಿಂತು ಕೇಳುತ್ತಿದ್ದರು. ಆ ನಿಯಮವೂ ಅವರದೇ. "ನನಗೊಂದು ಮಾತು ಹೇಳಬಾರದಿತ್ತಾ?" ಎಂದರು.

"ಹೇಳಿದ್ದೆ ಮೇಡಂ. ಆ ಹುಡುಗ ಹೋದ ಮೇಲೆ. ರಜೆ ತಗೊಳ್ಳಿ ಅಂದ್ರಿ."

ಬೇಲಿಯೇ ಎದ್ದು ಹೊಲ ಮೇಯ್ದಿತು ಎಂದು ದಫೇದಾರರು ಗೊಣಗಲು ಹೊರಟಿದ್ದರು, ಸುಮ್ಮನಾದರು.

ಪೂರಕ ಹೇಳಿಕೆಗೆಂದು ಕರೆಸಿದ್ದ ಹುಡುಗಿ ಅಷ್ಟರಲ್ಲಿ ಒಳಗೆ ಬಂದಳು. ವಿಷಯ ಆಗಲೇ ಅವಳ ಕಿವಿಗೆ ಬಿದ್ದಿತ್ತು. ಚಿಕ್ಕಮ್ಮ ಎದ್ದು ನಿಂತರು.

"ಪುಟ್ಟಾ, ಅವರು ನಿನ್ನ ಹರಿದು ಹಾಕ್ತಾರೆ. ನೀನು ತಡಕೊಳ್ಳಲ್ಲ. ನನಗೆ ಗೊತ್ತು."

ಹುಡುಗಿ ಊರುಗೋಲೂರಿ ಅವರ ಎದುರಿಗೆ ಬಂದು ನಿಂತಳು.

"ನನ್ನ ಕೈಲಿ ಆಗಲ್ಲ ಅಂತ ಪ್ರೊಫೆಸರ್ ಬಾಯಲ್ಲಿ ಹೇಳಿದ್ರು ಚಿಕ್ಕಮ್ಮ. ನೀವು ಚಿಲಕ ಹಾಕಿ ಹೇಳಿದ್ರಿ."

ಚಿಕ್ಕಮ್ಮ ಕುಸಿದು ಕುಳಿತರು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು, ದೊಡ್ಡ ದನಿಯಲ್ಲಿ. ಹುಡುಗಿ ಸಮಾಧಾನ ಮಾಡಲಿಲ್ಲ. ಹೇಳಿಕೆಗೆ ಸಹಿ ಹಾಕಿ, ಎಫ್‌ಐಆರ್ ಪ್ರತಿಯನ್ನು ನಿರ್ದೇಶಕಿಯ ಕೈಗೆ ತಾನೇ ಕೊಟ್ಟು ಹೊರಟಳು.

ಗುರುವಾರ ಹತ್ತಕ್ಕೆ ಸಮಿತಿ ಸೇರಿತು. ಪಕ್ಕದಲ್ಲಿ ಕೂರಲು ಯಾರನ್ನು ಕಳಿಸಲಿ ಎಂದು ನಿರ್ದೇಶಕಿ ಕೇಳಿದಾಗ ಹುಡುಗಿ ಯಾರೂ ಬೇಡ ಎಂದಳಂತೆ. ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಜೀಪು ಹೊರಟಾಗ ಮಧ್ಯಾಹ್ನ ದಾಟಿತ್ತು.

"ಒಳಗೆ ಹೋದಳಾ ಸಾರ್?" ಚಿಕ್ಕಮ್ಮ ಕೇಳಿದರು.

"ಹೋದಳು."

"ಹೊರಗೆ ಬಂದಳಾ?"

"ಇನ್ನೂ ಇಲ್ಲ. ಪ್ರಶ್ನೆ ನಡೀತಿದೆಯಂತೆ."

ದಾರಿಯುದ್ದಕ್ಕೂ ಚಿಕ್ಕಮ್ಮ ವಿಶ್ವವಿದ್ಯಾಲಯದ ದಿಕ್ಕಿಗೆ ತಿರುಗಿ ಕುಳಿತಿದ್ದರು.

ಠಾಣೆಗೆ ಮರಳಿದ ಮೇಲೆ ದಫೇದಾರರು ವರದಿ ಬರೆಯಲು ಕೂತರು. "ಕೃತ್ಯದ ಉದ್ದೇಶ ಏನಂತ ಬರೀಲಿ ಸಾರ್? ಕರುಣೆ ಅಂತ ಬರೀಲಾ?"

ಇನ್‌ಸ್ಪೆಕ್ಟರ್ ಎದ್ದು ಬಾಗಿಲವರೆಗೆ ಹೋಗಿ ಹಿಂದಿರುಗಿದರು.

"ಬೇಡ. ಭಯ ಅಂತ ಬರೀರಿ."

"ಹುಡುಗಿಗೆ ಏನಾಗುತ್ತೋ ಅನ್ನೋ ಭಯಾನಾ?"

"ಅಲ್ಲ. ಇನ್ನೊಂದು ಸಲ ಪಕ್ಕದಲ್ಲಿ ಕೂತು ನೋಡಬೇಕಲ್ಲ ಅನ್ನೋ ಭಯ."

ದಫೇದಾರರು ಬರೆದರು. ವಿಚಾರಣೆ ಮುಗಿಯಿತೋ ಇಲ್ಲವೋ ಎಂದು ಇನ್‌ಸ್ಪೆಕ್ಟರ್ ಮತ್ತೊಮ್ಮೆ ಫೋನ್ ಮಾಡಿದರು. ಆ ಕಡೆ ಯಾರೂ ಎತ್ತಲಿಲ್ಲ.